ಯಾರು ಸರ್ ಈ ವಿಲ್ಸನ್?

ಸಂಜೆ ಕಾಲೇಜೊಂದರಲ್ಲಿ ಸಂವಿಧಾನ ಪಾಠ ಮಾಡುತ್ತೇನೆ. ‘ಭಾರತದ ಜನತೆಯಾದ ನಾವು’ ಎಂಬ ನಮ್ಮ ಪ್ರಸ್ತಾವನೆಯ ಮೊದಲ ಮಾತಿಗೆ ಬಂದಾಗ ಅಮೆರಿಕದ ಸಂವಿಧಾನವೂ ‘ಜನರಾದ ನಾವು’ ಎಂದೇ ಶುರುವಾಗುತ್ತದೆ ಎಂದು ಹೇಳಿ ಅದರ ಕರಡು ಬರೆದವರಲ್ಲೊಬ್ಬನಾದ ಜೇಮ್ಸ್ ವಿಲ್ಸನ್‌ನ ಹೆಸರೆತ್ತುತ್ತೇನೆ. ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಅದೇ ಪ್ರಶ್ನೆ ಬರುತ್ತದೆ: “ಅಷ್ಟು ದೊಡ್ಡವನಾಗಿದ್ದರೆ ಹೆಸರನ್ನೇ ಕೇಳಿಲ್ಲವಲ್ಲ ಸರ್?”

ಚಿಕ್ಕ ಉತ್ತರ: ಆತ ಸಾಲಕ್ಕೆ ಹೆದರಿ ತಲೆಮರೆಸಿಕೊಂಡಿದ್ದಾಗ ಸತ್ತ. ಅದೂ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದುಕೊಂಡೇ.

ವಿಲ್ಸನ್ ಹುಟ್ಟಿದ್ದು 1742ರಲ್ಲಿ, ಸ್ಕಾಟ್ಲೆಂಡಿನ ರೈತರ ಮನೆಯಲ್ಲಿ. 1765ರಲ್ಲಿ ಅಮೆರಿಕಕ್ಕೆ ಬಂದು, ಜಾನ್ ಡಿಕಿನ್ಸನ್ ಎಂಬ ಹೆಸರಾಂತ ವಕೀಲನ ಕೈಕೆಳಗೆ ಕಾನೂನು ಕಲಿತ. ಸ್ವಾತಂತ್ರ್ಯ ಘೋಷಣೆ, ಸಂವಿಧಾನ ಎರಡಕ್ಕೂ ಸಹಿ ಹಾಕಿದವರು ಆರೇ ಮಂದಿ. ಅವರಲ್ಲಿ ಇವನೊಬ್ಬ.

ಮುಂದೆ ಜನರ ಅಧಿಕಾರವನ್ನು ಅಷ್ಟು ಎತ್ತಿಹಿಡಿದವನನ್ನು ಜನರೇ ಹೊಡೆಯಲು ಬಂದಿದ್ದರು. ಬ್ರಿಟಿಷರ ಪರ ನಿಂತ ದ್ರೋಹಿಗಳೆಂಬ ಆರೋಪ ಹೊತ್ತವರಿಗೆ ವಿಲ್ಸನ್ ವಕೀಲನಾಗಿದ್ದ. ಆಹಾರದ ಬೆಲೆ ಬೇರೆ ಗಗನಕ್ಕೇರಿತ್ತು. 1779ರ ಅಕ್ಟೋಬರ್ 4ರಂದು ಕೋವಿ ಹಿಡಿದ ನಾಗರಿಕ ಪಡೆಯವರ ಗುಂಪು ಫಿಲಡೆಲ್ಫಿಯಾದ ಅವನ ಮನೆಯನ್ನು ಮುತ್ತಿತು. ಒಳಗೆ ವಿಲ್ಸನ್ ಮತ್ತು ಗೆಳೆಯರು, ಹೊರಗೆ ಇವರು, ನಡುವೆ ಗುಂಡಿನ ಸುರಿಮಳೆ. ಎರಡೂ ಕಡೆ ಹೆಣ ಬಿದ್ದವು. ಕುದುರೆ ಸವಾರರು ಬಂದು ಬಿಡಿಸದಿದ್ದರೆ ಅಂದೇ ಅವನ ಕಥೆ ಮುಗಿಯುತ್ತಿತ್ತು. ಆ ಮನೆಗೆ ‘ಫೋರ್ಟ್ ವಿಲ್ಸನ್’, ಅಂದರೆ ವಿಲ್ಸನ್ ಕೋಟೆ ಎಂಬ ಹೆಸರು ಅಂಟಿಕೊಂಡಿತು.

1787ರ ಸಂವಿಧಾನ ಸಭೆಯಲ್ಲಿ ಗೂವರ್ನೀರ್ ಮಾರಿಸ್‌ನನ್ನು ಬಿಟ್ಟರೆ ಇವನಷ್ಟು ಸಲ ಎದ್ದು ನಿಂತು ಮಾತನಾಡಿದವರಿಲ್ಲ. ಕರಡು ಸಿದ್ಧಪಡಿಸಿದ ಐವರ ಸಮಿತಿಯಲ್ಲಿಯೂ ಇದ್ದ. ಇವನ ಕೈಬರಹದ ಕರಡುಗಳು ಇವತ್ತಿಗೂ ಇವೆ. ಅವುಗಳಲ್ಲಿ ‘ಜನರಾದ ನಾವು’ ಎಂದ ಮೇಲೆ ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್ ಎಂದು ರಾಜ್ಯಗಳ ಪಟ್ಟಿ ಉದ್ದಕ್ಕೂ ಸಾಗುತ್ತದೆ. ಪಟ್ಟಿ ಹೋಗಿ ‘ಯುನೈಟೆಡ್ ಸ್ಟೇಟ್ಸ್‌ನ ಜನರಾದ ನಾವು’ ಎಂದಾದದ್ದು ಮುಂದಿನ ಸಮಿತಿಯಲ್ಲಿ. ಅದರ ಕೀರ್ತಿ ಮಾರಿಸ್‌ನದು.

ಅಧ್ಯಕ್ಷನನ್ನು ಜನರೇ ನೇರವಾಗಿ ಆರಿಸಲಿ ಎಂದ, ಸಭೆ ಕಿವಿಗೊಡಲಿಲ್ಲ. ಹಾಗಾದರೆ ಜನರು ಆರಿಸಿದ ಪ್ರತಿನಿಧಿಗಳಾದರೂ ಅಧ್ಯಕ್ಷನನ್ನು ಆರಿಸಲಿ ಎಂದು ಒಂದು ದಾರಿ ತೋರಿಸಿದ. ಅಮೆರಿಕನ್ನರು ಇಂದಿಗೂ ಬೈದುಕೊಳ್ಳುವ ಎಲೆಕ್ಟೋರಲ್ ಕಾಲೇಜಿನ ಬೇರು ಅಲ್ಲೇ ಇದೆ. ರಾಜ್ಯಗಳಿಗೆ ಸಂಸತ್ತಿನಲ್ಲಿ ಎಷ್ಟು ಸ್ಥಾನ ಎಂದು ಲೆಕ್ಕ ಹಾಕುವಾಗ ಗುಲಾಮರನ್ನು ಐದರಲ್ಲಿ ಮೂರು ಪಾಲಾಗಿ ಎಣಿಸುವ ಸೂತ್ರವನ್ನು ಸಭೆಯ ಮುಂದಿಟ್ಟವನೂ ಇವನೇ. ಅವನ ಮೇಲೆ ನನಗೆ ಎಷ್ಟೇ ಅಭಿಮಾನವಿದ್ದರೂ ಈ ಮಾತನ್ನು ಪಾಠದಲ್ಲಿ ನುಂಗಿಕೊಳ್ಳುವುದಿಲ್ಲ.

ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ಗೆ ಪತ್ರ ಬರೆದು ಮುಖ್ಯ ನ್ಯಾಯಮೂರ್ತಿಯ ಹುದ್ದೆಯನ್ನೇ ಕೇಳಿದ. ಅದು ಜಾನ್ ಜೇ ಪಾಲಾಯಿತು, ಇವನಿಗೆ ಸಹ ನ್ಯಾಯಮೂರ್ತಿಯ ಸ್ಥಾನ ದಕ್ಕಿತು. 1793ರಲ್ಲಿ ಸಾಮಾನ್ಯನೊಬ್ಬ ಜಾರ್ಜಿಯಾ ರಾಜ್ಯವನ್ನೇ ಕೋರ್ಟಿಗೆಳೆದಾಗ, ಎಳೆಯಬಹುದು ಎಂದ ನ್ಯಾಯಮೂರ್ತಿಗಳಲ್ಲಿ ಇವನೂ ಇದ್ದ. ರಾಜ್ಯ ಸಾರ್ವಭೌಮ ಎಂಬ ವಾದಕ್ಕೆ, ‘ಸಾರ್ವಭೌಮ’ ಎಂಬ ಪದವೇ ಅಮೆರಿಕದ ಸಂವಿಧಾನಕ್ಕೆ ಗೊತ್ತಿಲ್ಲ ಎಂದು ತೀರ್ಪಿನಲ್ಲಿ ಬರೆದ. ರಾಜ್ಯಗಳು ಉರಿದುಬಿದ್ದು, ತಿದ್ದುಪಡಿ ತಂದು ಆ ತೀರ್ಪನ್ನು ಅಳಿಸಿಹಾಕಿದವು.

ಅಷ್ಟರಲ್ಲಿ ಜಮೀನಿನ ಹುಚ್ಚು ತಲೆಗೇರಿತ್ತು. ಸಾಲ ತಂದು ಲಕ್ಷಗಟ್ಟಲೆ ಎಕರೆ ಕೊಳ್ಳುವುದು, ಅದನ್ನೇ ತೋರಿಸಿ ಮತ್ತೆ ಸಾಲ ತರುವುದು. 1796ರ ಹೊತ್ತಿಗೆ ಮಾರುಕಟ್ಟೆ ಕುಸಿದು ಎಲ್ಲವೂ ನೆಲಕಚ್ಚಿತು. ನ್ಯೂಜೆರ್ಸಿಯಲ್ಲಿ ಒಮ್ಮೆ ಜೈಲು ಸೇರಿ ಹೊರಬಂದವನು ದಕ್ಷಿಣಕ್ಕೆ, ನಾರ್ತ್ ಕ್ಯಾರೊಲಿನಾದ ಈಡನ್‌ಟನ್‌ಗೆ ಓಡಿದ. ಅಲ್ಲಿಯೂ ಹಿಡಿಸಿ ಜೈಲಿಗೆ ಹಾಕಿಸಿದವನು ಸಾಲ ಕೊಟ್ಟಿದ್ದ ಪಿಯರ್ಸ್ ಬಟ್ಲರ್. ಹನ್ನೊಂದು ವರ್ಷಗಳ ಹಿಂದೆ ಅದೇ ಸಂವಿಧಾನಕ್ಕೆ ಸಹಿ ಹಾಕಿದವನೇ! ನ್ಯಾಯಮೂರ್ತಿಯ ಹುದ್ದೆಗೆ ವಿಲ್ಸನ್ ರಾಜೀನಾಮೆಯನ್ನೇನೂ ಕೊಟ್ಟಿರಲಿಲ್ಲ.

ಜೈಲಿನಿಂದ ಬಿಟ್ಟ ಮೇಲೆ ಹೆಂಡತಿ ಹ್ಯಾನಾಳೊಂದಿಗೆ ಊರಿನ ಹೋಟೆಲೊಂದರಲ್ಲಿ ಉಳಿದುಕೊಂಡ. ಮಲೇರಿಯಾ ಬಡಿಯಿತು, ಅದರ ಹಿಂದೆಯೇ ಲಕ್ವ. 1798ರ ಆಗಸ್ಟ್ 21ರಂದು ತೀರಿಕೊಂಡ. ಅಲ್ಲೇ ಹತ್ತಿರದ ಒಂದು ಖಾಸಗಿ ಜಮೀನಿನಲ್ಲಿ ಮಣ್ಣು ಮಾಡಿದರು. ಇಂಥವನ ಚಿತ್ರವನ್ನು ನೋಟಿನ ಮೇಲೆ ಅಚ್ಚು ಹಾಕುವವರು ಯಾರು?

1906ರಲ್ಲಿ ಯಾರಿಗೋ ನೆನಪಾಯಿತು. ಗೋರಿಯಿಂದ ಅವಶೇಷಗಳನ್ನು ತೆಗೆದು, ನೌಕಾಪಡೆಯ ಹಡಗಿನಲ್ಲಿ ಫಿಲಡೆಲ್ಫಿಯಾಕ್ಕೆ ತಂದು, ಎರಡು ಸಹಿಗಳನ್ನೂ ಹಾಕಿದ್ದ ಅದೇ ಕಟ್ಟಡದಲ್ಲಿ ಗೌರವಕ್ಕಿಟ್ಟು, ಕ್ರೈಸ್ಟ್ ಚರ್ಚಿನಲ್ಲಿ ಮತ್ತೆ ಹೂಳಿದರು. ಸಾಲ ಕೊಟ್ಟವರ ಕಣ್ಣು ತಪ್ಪಿಸಿ ಊರು ಬಿಟ್ಟವನು ನೂರೆಂಟು ವರ್ಷಗಳ ಮೇಲೆ ಸರ್ಕಾರಿ ಮರ್ಯಾದೆಯೊಂದಿಗೆ ಹಿಂದಿರುಗಿದ.