ಪುಟ 112, ಕೆಳಗಿನಿಂದ ನಾಲ್ಕನೇ ಸಾಲು

"ನೋಡಮ್ಮ, ಪುಟ 112. ಕೆಳಗಿನಿಂದ ನಾಲ್ಕನೇ ಸಾಲು. ಅಲ್ಲಿ 'ಉಷ್ಣ' ಅಂತಿದೆ, 'ತಾಪ' ಆಗಬೇಕು."

ಫೋನಿನಲ್ಲಿ ನಿವೃತ್ತ ಭೌತವಿಜ್ಞಾನದ ಮೇಷ್ಟ್ರು, ಪುಸ್ತಕದ ಲೇಖಕರು. ನಾನು ಕೆಲಸ ಮಾಡುವುದು ಚಾಮರಾಜಪೇಟೆಯ ಒಂದು ಸಣ್ಣ ಪುಟವಿನ್ಯಾಸದ ಆಫೀಸಿನಲ್ಲಿ. "ಆಯ್ತು ಸರ್" ಅಂದು ಎಡಿಟರ್‌ನಲ್ಲಿ (ಪಠ್ಯ ಟೈಪ್ ಮಾಡಿ ತಿದ್ದುವ ಸಾಫ್ಟ್‌ವೇರ್) 'ಉಷ್ಣ' ಹುಡುಕಿದೆ. ಆ ಅಧ್ಯಾಯದಲ್ಲೇ ಅರವತ್ತು ಕಡೆ ಸಿಕ್ಕಿತು. ಅವರು ಓದಿದ ಹಾಗೇ ಕಂಡ ಒಂದು ವಾಕ್ಯವನ್ನು ತಿದ್ದಿ ಮುಂದೆ ಹೋದೆ. ಎರಡನೇ ಪ್ರೂಫ್, ಅಂದರೆ ತಿದ್ದಿ ನೋಡುವ ಕರಡು ಪ್ರತಿ, ತೆಗೆದಾಗ ಗೊತ್ತಾಯಿತು, ನಾನು ತಿದ್ದಿದ್ದು ಪುಟ 109ರ ವಾಕ್ಯ. ಸರಿ ಇದ್ದದ್ದು ಕೆಟ್ಟಿತ್ತು, ತಪ್ಪು ಹಾಗೇ ಇತ್ತು. ಉಷ್ಣ ಬೇರೆ, ತಾಪ ಬೇರೆ ಅಂತ ಮಕ್ಕಳಿಗೆ ಹೇಳಿಕೊಡುವ ಅಧ್ಯಾಯ ಅದು. ಎರಡು ದಿನ ಮನಸ್ಸಿಗೆ ಸಮಾಧಾನ ಇರಲಿಲ್ಲ.

ಆಮೇಲೆ ಯೋಚಿಸಿದೆ. ನಮ್ಮ ಎಡಿಟರ್ ಅನ್ನು ನಾವು ಸಜ್ಜು ಮಾಡಿಕೊಂಡಿದ್ದೆಲ್ಲ ಬೇಗ ಟೈಪ್ ಮಾಡುವುದಕ್ಕೆ. ಆದರೆ ಟೈಪಿಂಗ್ ನಡೆಯುವುದು ಒಂದೇ ಸಲ. ತಿದ್ದುಪಡಿ ಮೂರು, ನಾಲ್ಕು ಸುತ್ತು ಬರುತ್ತದೆ. ದಿನದ ಹೊತ್ತು ಹೋಗುವುದು ಅಲ್ಲಿ, ತಪ್ಪು ನುಸುಳುವುದೂ ಅಲ್ಲೇ.

ಸಮೀಕರಣ ಜಾಸ್ತಿ ಇರುವ ಪುಸ್ತಕಗಳನ್ನು ನಾವು ಲೇಟೆಕ್‌ನಲ್ಲಿ ಮಾಡುತ್ತೇವೆ. ವಿಷಯದ ನಡುವೆ ಆಜ್ಞೆಗಳನ್ನು ಸೇರಿಸಿ ಮೂಲ ಫೈಲ್ ಬರೆದರೆ, ಅದರಿಂದ ಪುಟಗಳ ಪಿಡಿಎಫ್ ತಯಾರಿಸುವ ವ್ಯವಸ್ಥೆ ಅದು. ಎಡಿಟರ್ ವಿಎಸ್ ಕೋಡ್, ಅದಕ್ಕೆ ಲೇಟೆಕ್ ವರ್ಕ್‌ಶಾಪ್ ಅನ್ನುವ ಎಕ್ಸ್‌ಟೆನ್ಶನ್ (ಹೆಚ್ಚುವರಿಯಾಗಿ ಸೇರಿಸಿಕೊಳ್ಳುವ ಸಾಫ್ಟ್‌ವೇರ್). ಇದರಲ್ಲಿ ಸಿಂಕ್‌ಟೆಕ್ ಅಂತ ಒಂದು ಸೌಲಭ್ಯ ಮೊದಲಿನಿಂದಲೂ ಇತ್ತು, ನಾನೇ ಬಳಸಿರಲಿಲ್ಲ. ಪಿಡಿಎಫ್ ತಯಾರಾಗುವಾಗ ಜೊತೆಗೊಂದು ಸಣ್ಣ ಫೈಲ್ ಹುಟ್ಟುತ್ತದೆ. ಪುಟದ ಯಾವ ಜಾಗ ಮೂಲ ಫೈಲಿನ ಯಾವ ಸಾಲಿನಿಂದ ಬಂತು ಅನ್ನುವ ಲೆಕ್ಕ ಅದರಲ್ಲಿರುತ್ತದೆ. ಎಡಗಡೆ ಮೂಲ, ಬಲಗಡೆ ಪಿಡಿಎಫ್ ಇಟ್ಟುಕೊಂಡು, ಪಿಡಿಎಫ್‌ನ ಪದದ ಮೇಲೆ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿದರೆ ಕರ್ಸರ್ ಮೂಲದ ಸಾಲಿಗೆ ಹೋಗಿ ನಿಲ್ಲುತ್ತದೆ. ಹುಡುಕುವ ಮಾತೇ ಇಲ್ಲ.

ಆದರೆ ಒಂದು ತೊಡಕಿತ್ತು. ನಮ್ಮ ಫೈಲುಗಳಲ್ಲಿ ಇಡೀ ಪ್ಯಾರಾ ಒಂದೇ ಉದ್ದ ಸಾಲು. ಕ್ಲಿಕ್ ಮಾಡಿದರೆ ಪ್ಯಾರಾ ಸಿಗುತ್ತಿತ್ತು, ವಾಕ್ಯ ಸಿಗುತ್ತಿರಲಿಲ್ಲ. ಹಾಗಾಗಿ ಒಂದು ವಾಕ್ಯಕ್ಕೆ ಒಂದು ಸಾಲು ಅಂತ ಪದ್ಧತಿ ಮಾಡಿದೆವು. ಇದರಿಂದ ಪುಟ ಕೆಡುವುದಿಲ್ಲ. ಲೇಟೆಕ್‌ಗೆ ತಳಹದಿಯಾದ, ಡೊನಾಲ್ಡ್ ಕ್ನೂತ್ ರೂಪಿಸಿದ ಟೆಕ್‌ನಲ್ಲಿ ಸಾಲು ಮುರಿದರೆ ಅದೊಂದು ಖಾಲಿ ಜಾಗ ಅಷ್ಟೇ, ಪೂರ್ತಿ ಖಾಲಿ ಸಾಲು ಬಿಟ್ಟರೆ ಮಾತ್ರ ಹೊಸ ಪ್ಯಾರಾ. (ಸಮೀಕರಣದ ಹಿಂದೆ ಮುಂದೆ ಸುಮ್ನೆ ಖಾಲಿ ಸಾಲು ಬಿಡಬೇಡಿ. ಬೇಡದ ಅಂತರ, ಬೇಡದ ಹೊಸ ಪ್ಯಾರಾ ಬರುತ್ತದೆ.) ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಬದಲಾವಣೆ ಇದೇ, ಇದಕ್ಕೆ ಯಾವ ಸಾಫ್ಟ್‌ವೇರೂ ಬೇಕಿಲ್ಲ. ಎರಡನೇ ಪ್ರೂಫಿಗೂ ಮೂರನೇ ಪ್ರೂಫಿಗೂ ಏನು ಬದಲಾಯಿತು ಅಂತ ಲೇಖಕರು ಕೇಳಿದರೆ, ಫೈಲಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಈಗ ಬದಲಾದ ವಾಕ್ಯಗಳನ್ನಷ್ಟೇ ತೋರಿಸುತ್ತದೆ. ಮೊದಲು ಅಲ್ಪವಿರಾಮ ತಿದ್ದಿದರೂ ಇಡೀ ಪ್ಯಾರಾ ಬದಲಾದಂತೆ ಕಾಣುತ್ತಿತ್ತು.

ಕನ್ನಡಕ್ಕೆ ಬೇಕಾದದ್ದು ಇನ್ನೂ ಕೆಲವಿವೆ. ಮೂಲದಿಂದ ಪಿಡಿಎಫ್ ತಯಾರಿಸುವ ಪ್ರೋಗ್ರಾಂಗಳಲ್ಲಿ ಎಕ್ಸ್‌ಟೆನ್ಶನ್ ತಾನಾಗಿ ಆರಿಸುವುದು ಪಿಡಿಎಫ್‌ಲೇಟೆಕ್, ಅದಕ್ಕೆ ಯೂನಿಕೋಡ್ ಕನ್ನಡ ಫಾಂಟ್ ಒಗ್ಗುವುದಿಲ್ಲ. ಅದೇ ಬಗೆಯ ಇನ್ನೊಂದು ಪ್ರೋಗ್ರಾಂ ಝೀಲೇಟೆಕ್‌ಗೆ ಬದಲಾಯಿಸಿ, ಫಾಂಟ್ ಹೇಳುವ ಕಡೆ ಲಿಪಿ ಕನ್ನಡ ಅಂತಲೂ ಹೇಳಬೇಕು. ಹೇಳದಿದ್ದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ. ನಾವು ಬಳಸುವುದು ನೋಟೋ ಸೆರಿಫ್ ಕನ್ನಡ.

ಇನ್ನೊಂದು, ಕಣ್ಣಿಗೆ ಕಾಣದ ಅಕ್ಷರ. 'ನ್ಯೂಟನ್‌ನ ನಿಯಮ' ಅಂತ ಬರೆಯುವಾಗ ನಡುವೆ ಜೋಡಣೆ ತಡೆಯುವ ಒಂದು ಅಕ್ಷರ ಇರಬೇಕು. ಬಿಟ್ಟುಹೋದರೆ 'ನ್ಯೂಟನ್ನ' ಆಗುತ್ತದೆ. ಎರಡೂ ಇರುವ ಫೈಲಿನಲ್ಲಿ ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ವಿಎಸ್ ಕೋಡ್ ಇಂಥ ಅಕ್ಷರದ ಸುತ್ತ ಸಣ್ಣ ಚೌಕ ಹಾಕಿ ತೋರಿಸುತ್ತದೆ. ಕಿರಿಕಿರಿ ಅಂತ ಹಲವರು ಅದನ್ನು ಆಫ್ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ, ಕನ್ನಡದ ಕೆಲಸದಲ್ಲಿ ಅದು ಬೇಕೇ ಬೇಕು.

ಲೇಟೆಕ್ ಆಜ್ಞೆಗಳು ಇಂಗ್ಲಿಷಿನಲ್ಲಿ, ವಿಷಯ ಕನ್ನಡದಲ್ಲಿ. ದಿನಕ್ಕೆ ನೂರಾರು ಸಲ ಕೀಬೋರ್ಡ್ ಬದಲಾಯಿಸುವುದು ಕೈಗೂ ತಲೆಗೂ ಆಯಾಸ. ಎಫ್ ಕೀಗಳಿಗೆ ಭಾಷೆಯ ಹಂಗಿಲ್ಲ ಅಲ್ವಾ? ಅಧ್ಯಾಯ, ಚಿತ್ರ, ಅಡಿಟಿಪ್ಪಣಿ, ದಪ್ಪಕ್ಷರ, ಈ ನಾಲ್ಕನ್ನು ನಾಲ್ಕು ಎಫ್ ಕೀಗಳಿಗೆ ಕೊಟ್ಟೆ. ಕನ್ನಡ ಕೀಬೋರ್ಡ್‌ನಲ್ಲಿದ್ದುಕೊಂಡೇ ಪದ ಆರಿಸಿ ಒಂದು ಕೀ ಒತ್ತಿದರೆ ಆಜ್ಞೆ ಅದರ ಸುತ್ತ ಕೂರುತ್ತದೆ.

ಪೂರ್ತಿ ಪುಸ್ತಕವನ್ನು ಪ್ರತಿ ಸಲ ಕಂಪೈಲ್ ಮಾಡುವುದನ್ನೂ (ಮೂಲದಿಂದ ಪಿಡಿಎಫ್ ತಯಾರಿಸುವುದನ್ನೂ) ನಿಲ್ಲಿಸಿದ್ದೇವೆ. ಅಧ್ಯಾಯಕ್ಕೊಂದು ಫೈಲ್, ತಿದ್ದುತ್ತಿರುವುದು ಮಾತ್ರ ಓಡುತ್ತದೆ. ಪುಸ್ತಕಕ್ಕೆ ಬೇಕಾದ ಸೆಟ್ಟಿಂಗ್ಸ್ ಆ ಪುಸ್ತಕದ ಫೋಲ್ಡರಿನಲ್ಲೇ ಇರುತ್ತವೆ, ಯಾರ ಕಂಪ್ಯೂಟರಿನಲ್ಲಿ ತೆರೆದರೂ ಒಂದೇ ತರಹ.

ಮೊನ್ನೆ ಅದೇ ಮೇಷ್ಟ್ರ ಎರಡನೇ ಪುಸ್ತಕದ ಪ್ರೂಫ್. ಫೋನ್ ಎತ್ತಿದ್ದು ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿ. ಅವರು ಪುಟ, ಸಾಲು ಹೇಳಿ ಮುಗಿಸುವ ಹೊತ್ತಿಗೆ ಇವಳು ಕ್ಲಿಕ್ ಮಾಡಿ ತಿದ್ದಿದ್ದಳು. "ಆಯ್ತು ಸರ್, ಮುಂದಿನದು ಹೇಳಿ" ಅಂದಳು.

"ಇಷ್ಟು ಬೇಗನಾ? ಸರಿಯಾದ ಜಾಗದಲ್ಲೇ ತಿದ್ದಿದೆಯೇನಮ್ಮ?"

ಅವಳು ತಿದ್ದಿದ ವಾಕ್ಯವನ್ನು, ಅದರ ಹಿಂದಿನದನ್ನೂ ಮುಂದಿನದನ್ನೂ ಸೇರಿಸಿ, ಅವರಿಗೆ ಓದಿ ಹೇಳಿದಳು.