ಪುಟ್ ಆಫ್ ಅಂದ್ರೆ ರದ್ದಲ್ಲ ಮಾರಾಯ್ರೇ

ನಾನು ಕೆಲಸಕ್ಕೆ ಸೇರಿದ ಹೊಸತು. ಆಫೀಸಿನವರೆಲ್ಲ ಸೇರಿ ಕಾರವಾರದಿಂದ ಕೂರ್ಮಗಡಕ್ಕೆ ದೋಣಿಯಲ್ಲಿ ಹೋಗುವುದೆಂದು ಮಾತಾಗಿತ್ತು. ಹಿಂದಿನ ರಾತ್ರಿ ಮೆಸೇಜ್ ಬಂತು: 'ಟ್ರಿಪ್ ಪುಟ್ ಆಫ್'. ಲೈಟ್ ಆಫ್, ಫ್ಯಾನ್ ಆಫ್, ಹಾಗೇ ಟ್ರಿಪ್ಪೂ ಆಫ್ ಅಂದುಕೊಂಡು ಮಲಗಿದೆ. ಮುಂದಿನ ಭಾನುವಾರ ಶಿರಸಿಯ ಅತ್ತೆ ಮನೆಯಲ್ಲಿ ತೊಡೆದೇವು ಮುರಿಯುತ್ತಾ ಕೂತಿದ್ದೆ. ಫೋನು. 'ಎಲ್ಲಿದ್ದೀಯೋ? ದೋಣಿ ಹೊರಡ್ತಾ ಇದೆ!' ದೇವಿಮನೆ ಘಟ್ಟ ಇಳಿದು ಹೋಗುವಷ್ಟರಲ್ಲಿ ಅವರು ವಾಪಸ್ ಬಂದಿರುತ್ತಿದ್ದರು.

ಪುಟ್ ಆಫ್ ಅಂದರೆ ಮುಂದಕ್ಕೆ ಹಾಕುವುದು. ಪೂರ್ತಿ ರದ್ದಾದರೆ ಅದು ಕಾಲ್ ಆಫ್. ಎರಡರಲ್ಲೂ 'ಆಫ್' ಇದೆ, ಮೋಸ ಆಗುವುದು ಅಲ್ಲೇ. ನಾವು ಕೆಲಸವನ್ನು ಮುಂದಕ್ಕೆ ಹಾಕುತ್ತೇವೆ, ಇಂಗ್ಲಿಷಿನವರು ಆಚೆ ಇಡುತ್ತಾರೆ, ಅಷ್ಟೇ. 'ಇಟ್' ಬಂದರೆ ಅದು ನಡುವೆಯೇ ಕೂರಬೇಕು: 'ಪುಟ್ ಇಟ್ ಆಫ್'. 'ಪುಟ್ ಆಫ್ ಇಟ್' ಅನ್ನುವ ಹಾಗಿಲ್ಲ. 'ಪುಟ್ ಆಫ್ ಗೋಯಿಂಗ್' ಸರಿ, 'ಪುಟ್ ಆಫ್ ಟು ಗೋ' ತಪ್ಪು. ನಾನು ಎಷ್ಟೋ ವರ್ಷ ತಪ್ಪನ್ನೇ ಬರೆದೆ.

ಇನ್ನೊಂದು ಅರ್ಥ ನನಗೆ ಜಾಸ್ತಿ ಇಷ್ಟ: ಮನಸ್ಸು ಹಿಂದೆ ಸರಿಯುವಂತೆ ಮಾಡುವುದು. ಬೆಂಗಳೂರಿನ ಗೆಳೆಯನೊಬ್ಬ ಮೀನಿನ ಊಟ ಬೇಕೆಂದು ಕುಣಿಯುತ್ತಾ ಬಂದ. ಪೇಟೆಯಲ್ಲಿ ಒಣಮೀನಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ಸುಮ್ನೆ ಇಡ್ಲಿ ತಿಂದ. 'ದ ಸ್ಮೆಲ್ ಪುಟ್ ಹಿಮ್ ಆಫ್'. (ನಮಗೆ ಅದೇ ವಾಸನೆಗೆ ಹಸಿವಾಗುತ್ತದೆ, ಅಲ್ವಾ?)

ಅಂದಹಾಗೆ, ಕೂರ್ಮಗಡ ನಾನಿನ್ನೂ ನೋಡಿಲ್ಲ. ಪುಟ್ ಆಫ್ ಆಗುತ್ತಲೇ ಇದೆ.