ಲೆಕ್ಕದ ಪುಸ್ತಕ ಯಾರ ಕೈಲಿ

ನಾಟಕದ ಕೋರ್ಸ್ ಮುಗಿಸಿ ಬಂದ ಹುಡುಗ್ರಿಗೆ ಲೀಡರ್‌ಶಿಪ್ ಟ್ರೇನಿಂಗ್ ಬೇಕು ಅಂತ ಯಾರಾದ್ರೂ ಅಂದಾಗೆಲ್ಲ ನಂಗೆ ನೆನಪಾಗೋದು ನೀನಾಸಮ್ ಅನ್ನೋ ನಾಟಕ ಸಂಸ್ಥೆಯ ತಿರುಗಾಟನೇ. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಲ್ಲಿ 1980ಕ್ಕೆ ಅದರ ರಂಗಶಿಕ್ಷಣ ಕೇಂದ್ರ ಶುರುವಾಯ್ತು, 1985ಕ್ಕೆ ತಿರುಗಾಟ, ಅಂದ್ರೆ ಕಲಿತೋರು ಊರೂರು ಸುತ್ತಿ ನಾಟಕ ಆಡೋದು, ಸೆಟ್ ಇಳಿಸೋಕೂ ಕೈ ಹಾಕೋದು, ಬಣ್ಣ ಹಚ್ಕೊಳೋದು, ಶೋ ಮುಗಿದ್ಮೇಲೆ ಮತ್ತೆ ಎಲ್ಲಾ ಬಿಚ್ಚಿ ಪ್ಯಾಕ್ ಮಾಡಿ ಮುಂದಿನ ಊರಿಗೆ ಹೊರಡೋದು (ನಿದ್ದೆ ಗಾಡೀಲೇ).

ನಾನು ಬೇರೊಂದು ಪುಟ್ಟ ತಂಡಕ್ಕೆ ಮೊದಲ್ನೇ ಸಲ ಮ್ಯಾನೇಜರ್ ಆದಾಗ ಡೈರೆಕ್ಷನ್ ಬರ್ತಿತ್ತು, ಲೆಕ್ಕ ಬರ್ತಿರ್ಲಿಲ್ಲ. ಒಂದಿನ ಊಟಕ್ಕೇ ದುಡ್ಡಿಲ್ಲ, ನಾನು ಸಂಕೋಚದಲ್ಲಿ ನಿಂತಿದ್ರೆ 22 ವರ್ಷದ ನಟಿ ಒಬ್ಳು ಆಯೋಜಕರ ಹತ್ರ ನೇರ ಹೋಗಿ ಬಾಕಿ ವಸೂಲಿ ಮಾಡ್ಕೊಂಡು ಬಂದ್ಳು. ಅವತ್ತಿಂದ ಲೆಕ್ಕದ ಪುಸ್ತಕ ಅವಳ ಕೈಲೇ. ಈಗ "ಸರ್, ಟೀ ಬಿಲ್ ಎಲ್ಲಿ?" ಅಂತ ನನ್ನನ್ನೇ ಬೈತಾಳೆ.